ಪರಶುರಾಮ ಎಲ್ಲಿ ನಿಲ್ಲಬೇಕು?

ಕಾರ್ಕಳ ತಾಲ್ಲೂಕಿನವರಿಗೆ ಬೋಳುಗುಡ್ಡ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಗುಡ್ಡದ ನೆತ್ತಿಗೆ 42 ಅಡಿಯ ಗೊಮ್ಮಟನನ್ನು ಹತ್ತಿಸಿದರು. ಅವನ ಎದುರಿನ ಸಣ್ಣ ಬಂಡೆಗುಡ್ಡಕ್ಕೆ ಬೇಸರವಾದೀತೆಂದು ಅದರ ಮೇಲೊಂದು ಚತುರ್ಮುಖ ಬಸದಿ ಕಟ್ಟಿದರು. ಉಳಿದ ಗುಡ್ಡಗಳಲ್ಲಿ ಕೆಲವಕ್ಕೆ ದೇವಸ್ಥಾನ ಬಂತು, ಕೆಲವಕ್ಕೆ ಮೊಬೈಲ್ ಟವರು ಬಂತು, ಇನ್ನು ಕೆಲವು ಕೆಂಪುಕಲ್ಲಿನ ಕೋರೆಯಾಗಿ ಗುಡ್ಡವೆಂಬ ಹೆಸರನ್ನೇ ಕಳೆದುಕೊಂಡವು. ಇಂಥ ಸೀಮೆಯಲ್ಲಿ ಬೈಲೂರಿನ ಉಮಿಕಲ್ ಬೆಟ್ಟ ಅಷ್ಟು ಕಾಲ ತನ್ನ ಪಾಡಿಗೆ ತಾನಿದ್ದದ್ದೇ ದೊಡ್ಡದು. ಕೊನೆಗೆ ಅದರ ಸರದಿಯೂ ಬಂತು. 2023ರ ಜನವರಿ 27ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅಲ್ಲಿ ಪರಶುರಾಮ ಥೀಮ್ ಪಾರ್ಕನ್ನು ಉದ್ಘಾಟಿಸಿದರು. ಬೆಟ್ಟದ ಮೇಲೆ 33 ಅಡಿಯ ಪರಶುರಾಮ ನಿಂತ. ಬೆಟ್ಟದ ಕೆಳಗೆ ಚರ್ಚೆ ಶುರುವಾಯಿತು.

ನಮ್ಮ ಅಜೆಕಾರಿನಿಂದ ಬೈಲೂರಿಗೆ ಹೋಗಬೇಕಾದರೆ ಕಾರ್ಕಳಕ್ಕೆ ಇಳಿದು ಉಡುಪಿ ಕಡೆಯ ಬಸ್ಸು ಹಿಡಿಯಬೇಕು. ಅಭಿಪ್ರಾಯಕ್ಕೆ ಈ ತಾಪತ್ರಯವಿಲ್ಲ. ಅದು ಹೊರಡುವುದೂ ತಲುಪುವುದೂ ಪೇಟೆಯ ಹೋಟೆಲಿನ ಬೆಂಚಿನಲ್ಲಿಯೇ. ನಮ್ಮಲ್ಲಿ ಈ ಬೆಂಚಿಗೆ ಖಾಯಂ ಸದಸ್ಯರಿದ್ದಾರೆ: ನಿವೃತ್ತರಾದ ಮಾಷ್ಟ್ರು, ಅಡಿಕೆ ತೋಟದ ಶೆಟ್ರು, ಗೋಳಿಬಜೆ ಬಿಡುತ್ತಲೇ ಮಾತಾಡಬಲ್ಲ ಹೋಟೆಲಿನ ಭಟ್ರು, ಬಾಡಿಗೆ ಇಲ್ಲದಾಗ ಒಳಗೆ ಬಂದು ಕೂರುವ ರಿಕ್ಷಾದ ಹುಡುಗ. ವರ್ಷಕ್ಕೊಮ್ಮೆ ಮುಂಬಯಿಯಿಂದ ಬರುವ ನನ್ನ ಭಾವ ಗೌರವ ಸದಸ್ಯರು. ಪರಶುರಾಮ ಆ ಬೆಟ್ಟಕ್ಕೆ ಹೊಂದುತ್ತಾನೋ ಇಲ್ಲವೋ ಎಂಬುದನ್ನು ಇವರೆಲ್ಲ ಸೇರಿ ಇತ್ಯರ್ಥ ಮಾಡಲು ಹೊರಟರು.

ಮೊದಲ ತಕರಾರು ಮಾಷ್ಟ್ರದ್ದು. "ಅಲ್ಲ ಶೆಟ್ರೇ, ಪರಶುರಾಮ ಕೊಡಲಿ ಬಿಸಾಡಿ ಸಮುದ್ರವನ್ನು ಹಿಂದೆ ಸರಿಸಿದ್ದು ಎಲ್ಲಿಂದ? ಸಹ್ಯಾದ್ರಿಯಿಂದ. ಆಗ ಬೈಲೂರು ಎಲ್ಲಿತ್ತು? ಸಮುದ್ರದ ಅಡಿಯಲ್ಲಿ. ಅಲ್ಲಿ ನಿಂತು ಬಿಸಾಡುವುದಾದರೆ ಅವನಿಗೆ ಮೊದಲು ಈಜು ಬರಬೇಕಿತ್ತು."

"ಹಾಗಾದರೆ ಮೂರ್ತಿ ಎಲ್ಲಿ ಆಗಬೇಕಿತ್ತು?"

"ಘಟ್ಟದ ಬುಡದಲ್ಲಿ. ಅಂದರೆ ನಮ್ಮ ಕಡೆ."

ಅಜೆಕಾರಿನ ಬೆಂಚಿನಲ್ಲಿ ಈ ವಾದಕ್ಕೆ ಬೇಗ ಬೆಂಬಲ ಸಿಕ್ಕಿತು. ಶೆಟ್ರು ಮಾತ್ರ ಒಪ್ಪಲಿಲ್ಲ. "ಹೊಸ ಜಾಗ ಮಾಡಿದವ ಒಮ್ಮೆ ಬಂದು ನೋಡುವುದಿಲ್ವಾ ಮಾಷ್ಟ್ರೇ? ಗಡಿಕಲ್ಲು ಎಲ್ಲಿ, ನೀರಿನ ಬದಿ ಯಾವುದು, ಪಕ್ಕದವ ಒತ್ತುವರಿ ಮಾಡಿದ್ದಾನಾ ಅಂತ? ಸಮುದ್ರ ಹಿಂದೆ ಹೋದ ಮೇಲೆ ಅವ ಜಾಗ ನೋಡಲಿಕ್ಕೆ ಬಂದದ್ದು. ಆಗ ಬೈಲೂರಿನಲ್ಲಿ ನಿಂತ." ಸರ್ವೆ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದವರು ಪುರಾಣವನ್ನು ಓದುವ ರೀತಿಯೇ ಬೇರೆ.

ಭಟ್ರ ಅಡ್ಡಮಾತು ಒಲೆಯ ಹತ್ತಿರದಿಂದ ಬಂತು. ಪರಶುರಾಮನಿಗೆ ಈ ಜಿಲ್ಲೆಯಲ್ಲಿ ಮೊದಲಿಂದಲೂ ಜಾಗ ಉಂಟು. ಕುಂಜಾರುಗಿರಿಯ ದುರ್ಗೆಯನ್ನು ಪ್ರತಿಷ್ಠೆ ಮಾಡಿದ್ದೇ ಅವನು ಎಂದು ಹೇಳುತ್ತಾರೆ, ಅಲ್ಲಿ ಅವನ ಗುಡಿ ಉಂಟು, ಸುತ್ತಮುತ್ತ ಪರಶುತೀರ್ಥ, ಧನುಸ್ತೀರ್ಥ, ಬಾಣತೀರ್ಥ, ಗದಾತೀರ್ಥ ಉಂಟು. ಇಷ್ಟೆಲ್ಲ ಇರುವಾಗ ಹೊಸತಾಗಿ ಇನ್ನೊಂದು ಬೆಟ್ಟ ಯಾಕೆ? ರಿಕ್ಷಾದ ಹುಡುಗ ಒಂದೇ ಮಾತಿನಲ್ಲಿ ಉತ್ತರಿಸಿದ: "ಭಟ್ರೇ, ತೀರ್ಥದ ಎದುರು ನಿಂತು ಯಾರೂ ಸೆಲ್ಫಿ ತೆಗೆಯುವುದಿಲ್ಲ."

ಕಾರ್ಕಳದಲ್ಲಿ ಕೋಟಿ ಚೆನ್ನಯರ ಹೆಸರಿನ ಥೀಮ್ ಪಾರ್ಕ್ ಆದಾಗಲೂ ಇಂಥದ್ದೇ ಪ್ರಶ್ನೆ ಕೇಳಬಹುದಿತ್ತು. ಅವಳಿ ವೀರರು ಬೆಳೆದದ್ದು ಪಡುಮಲೆಯಲ್ಲಿ, ಬಿದ್ದದ್ದು ಎಣ್ಮೂರಿನಲ್ಲಿ. ಎರಡೂ ಕಾರ್ಕಳದಿಂದ ಬಲು ದೂರ. ಆದರೆ ತುಳುನಾಡಿನಲ್ಲಿ ಊರೂರಿಗೆ ಅವರ ಗರಡಿ ಇರುವುದರಿಂದ ಅವರು ಎಲ್ಲಿಯೂ ಹೊರಗಿನವರಲ್ಲ. ವಿಗ್ರಹಕ್ಕಿಂತ ಮೊದಲೇ ಅವರ ಕಥೆ ಹಾಡುವ ಪಾಡ್ದನ ಬಂದು ಜಾಗ ಹಿಡಿದಿಟ್ಟಿತ್ತು. ಶೆಟ್ರ ಒಂದು ಗುಟ್ಟಿನ ಅಸಮಾಧಾನವೂ ಇಲ್ಲಿಯೇ ಇದೆ. ಪರಶುರಾಮ ಭಟ್ರ ಪುರಾಣದಿಂದ ಬಂದವ. ಬೆರ್ಮೆರು, ನಾಗ, ಜುಮಾದಿ, ಪಂಜುರ್ಲಿ ದೈವಗಳ ನಾಡಿಗೆ ಅವನಿಗಿಂತ ಹಳೆಯ ಯಜಮಾನರು ಇದ್ದಾರೆ ಎಂಬುದು. ಆದರೆ ಚಾ ಕೊಡುವವರೂ ಭಟ್ರೇ ಆದ್ದರಿಂದ ಶೆಟ್ರು ಇದನ್ನು ಹೋಟೆಲಿನ ಹೊರಗೆ ಮಾತ್ರ ಹೇಳುತ್ತಾರೆ.

ಎಲ್ಲರೂ ತಲೆಬಾಗುವುದು ಗೊಮ್ಮಟನ ಉದಾಹರಣೆಗೆ. "ಅದು ನೋಡಿ, ಬಂಡೆಯಿಂದಲೇ ಎದ್ದು ಬಂದ ಹಾಗೆ ಉಂಟು" ಎನ್ನುತ್ತಾರೆ. ಆದರೆ ಅವನೂ ಒಂದು ಕಾಲಕ್ಕೆ ಹೊಸ ಆಕರ್ಷಣೆಯೇ. 1432ರಲ್ಲಿ ವೀರಪಾಂಡ್ಯ ಭೈರರಸ ಅವನನ್ನು ನಿಲ್ಲಿಸುವಾಗ ಕಾರ್ಕಳದ ಮಂದಿ ಬಾಯಿ ಮುಚ್ಚಿಕೊಂಡು ಕೂತಿದ್ದರೆಂದು ನಂಬುವುದು ಕಷ್ಟ. ಬೇರೆ ಕಡೆ ಕೆತ್ತಿದ ಮೂರ್ತಿಯನ್ನು ಹಲವು ಚಕ್ರಗಳ ಬಂಡಿಯಲ್ಲಿ ಬೆಟ್ಟದ ಮೇಲಕ್ಕೆ ಎಳೆದು ತಂದರು ಎಂಬ ಐತಿಹ್ಯವಿದೆ. ಎಳೆಯುವವರು ಒಂದಷ್ಟು ಜನರಾದರೆ, ಬದಿಯಲ್ಲಿ ನಿಂತು "ಇದು ಹತ್ತುವುದಿಲ್ಲ" ಎನ್ನುವವರು ಅದಕ್ಕಿಂತ ಹೆಚ್ಚು ಇದ್ದಿರಬೇಕು. ಅವರ ಸಂತತಿಯೇ ಈಗ ನಮ್ಮ ಬೆಂಚಿನಲ್ಲಿರುವುದು.

ಗೊಮ್ಮಟನನ್ನು ಕೆತ್ತಿದ ಬೀರ ಕಲ್ಕುಡನ ಕಥೆಯನ್ನು ತುಳುನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕೆತ್ತಿದ. ಮುಂದೆ ತಂಗಿ ಕಲ್ಲುರ್ಟಿಯೊಂದಿಗೆ ದೈವವಾಗಿ ಅರಸನಿಗೆ ಪಾಠ ಕಲಿಸಿದ. ವೇಣೂರಿನ 35 ಅಡಿಯ ಮೂರ್ತಿಯನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಇಷ್ಟು ಹತ್ತಿರದಲ್ಲಿ ಇನ್ನೊಬ್ಬ ಗೊಮ್ಮಟ ಬೇಡ, ಅದನ್ನು ನಮಗೇ ಕಳಿಸಿ ಎಂದು ಕಾರ್ಕಳದ ಅರಸ ಪಟ್ಟುಹಿಡಿದನಂತೆ. ಅಜಿಲ ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದನಂತೆ. ಎರಡು ಕಥೆಗಳ ನಡುವೆ ವರ್ಷಗಳ ಲೆಕ್ಕ ಸರಿಹೋಗುವುದಿಲ್ಲ ಎಂದು ಮಾಷ್ಟ್ರು ಬೆರಳು ಮಡಚಿ ತೋರಿಸುತ್ತಾರೆ. ಯಾರೂ ಅದಕ್ಕೆ ಸೊಪ್ಪು ಹಾಕುವುದಿಲ್ಲ. ನಮಗೆ ಬೇಕಾದ ನೀತಿ ಸ್ಪಷ್ಟವಾಗಿದೆ: ಯಾವ ಮೂರ್ತಿ ಯಾವ ಊರಿಗೆ ಹೊಂದುತ್ತದೆ ಎಂಬ ಜಗಳ ಇಲ್ಲಿ ನಾಲ್ಕು ಶತಮಾನದಷ್ಟು ಹಳತು, ಮತ್ತು ಆಗ ಅದು ಚಾಯದಲ್ಲಿ ಮುಗಿಯುತ್ತಿರಲಿಲ್ಲ.

ಈಗಿನ ಜಗಳ ಲೋಹದ ಕಡೆಗೆ ತಿರುಗಿತು. ಉದ್ಘಾಟನೆಯಾದ ಕೆಲವು ತಿಂಗಳಲ್ಲಿಯೇ, ಕಂಚಿನದ್ದೆಂದು ಹೇಳಿದ್ದ ಪರಶುರಾಮನ ಮೂರ್ತಿ ಕಂಚಿನದ್ದೇ ಅಲ್ಲ ಎಂಬ ಆರೋಪ ಎದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೂರ್ತಿಯ ಮೇಲ್ಭಾಗವನ್ನು ಇಳಿಸಿದರು. ವಿಷಯ ಪೊಲೀಸ್ ಠಾಣೆ, ಕೋರ್ಟು ಹತ್ತಿತು. ನಮ್ಮ ಬೆಂಚಿನ ಚರ್ಚೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಹೊಂದುತ್ತದೋ ಇಲ್ಲವೋ ಎಂದು ವಾದಿಸುವುದಕ್ಕೆ ವಸ್ತು ಪೂರ್ತಿಯಾದರೂ ಇರಬೇಕಲ್ಲ! ರಾಜಕೀಯ ಬಲ್ಲವರು ಆ ಕಡೆ, ಈ ಕಡೆ ಎಂದು ಕೂತರು. ಲೋಹಶಾಸ್ತ್ರ ಓದದವರೂ ತವರ, ತಾಮ್ರ, ಹಿತ್ತಾಳೆ, ಫೈಬರುಗಳ ಬಗ್ಗೆ ಅಧಿಕಾರದಿಂದ ಮಾತಾಡಿದರು. ಭಟ್ರು ತಮ್ಮ ಹಳೆಯ ಚರಿಗೆಯೊಂದನ್ನು ತಂದು ಸೌಟಿನಿಂದ ಬಡಿದು, ಕಂಚಿನ ಸದ್ದು ಹೇಗಿರುತ್ತದೆ ಎಂದು ಸಭೆಗೆ ಕೇಳಿಸಿದರು.

ಶೆಟ್ರ ಪ್ರಶ್ನೆ ಮಾತ್ರ ತೂಕದ್ದು. "ಕಾರ್ಕಳದಲ್ಲಿ ಕಲ್ಲಿಗೆ ಬರವಾ, ಕಲ್ಲು ಕೆತ್ತುವವರಿಗೆ ಬರವಾ?" ಧರ್ಮಸ್ಥಳದ ರತ್ನಗಿರಿಯಲ್ಲಿರುವ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ್ದು ಕಾರ್ಕಳದಲ್ಲಿಯೇ. 1975ರಲ್ಲಿ ಆ ಮೂರ್ತಿ ರಸ್ತೆಯುದ್ದಕ್ಕೂ ಜನರನ್ನು ನಿಲ್ಲಿಸಿಕೊಂಡು ಧರ್ಮಸ್ಥಳಕ್ಕೆ ಹೋಯಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಬಾಹುಬಲಿಯನ್ನು ಹೊರಗೆ ಕಳಿಸಿಕೊಡುವಷ್ಟು ಕಸುಬು ಇರುವ ಊರು ಪರಶುರಾಮನಿಗೆ ಮಾತ್ರ ಲೋಹ ಹುಡುಕಿಕೊಂಡು ಹೋದದ್ದು ಶೆಟ್ರಿಗೆ ಈಗಲೂ ನುಂಗಲಾಗದ ತುತ್ತು.

ಭಾವ ಊರಿಗೆ ಬಂದಿದ್ದಾಗ ಚರ್ಚೆಗೆ ಅಂತಾರಾಷ್ಟ್ರೀಯ ಮಟ್ಟ ಬಂತು. ಅವರ ಮಗಳು ಫ್ಲೋರಿಡಾದಲ್ಲಿದ್ದಾಳೆ. ಡಿಸ್ನಿ ಪಾರ್ಕುಗಳನ್ನು ಸುತ್ತಿ ಬಂದ ಆಯಾಸ ಭಾವನಿಗೆ ಇನ್ನೂ ಇಳಿದಿಲ್ಲ. ಅಲ್ಲಿ ಎಪ್ಕಾಟ್ ಎಂಬಲ್ಲಿ ನಾರ್ವೆ, ಜಪಾನು, ಮೊರಾಕ್ಕೊ ಎಂದು ನಿಜವಾದ ದೇಶಗಳ ಅಂಗಳಗಳಿವೆಯಂತೆ. 2016ರಲ್ಲಿ ನಾರ್ವೆಯ ಅಂಗಳದಲ್ಲಿ 'ಫ್ರೋಜನ್' ಸಿನಿಮಾದ ದೋಣಿ ಸವಾರಿ ಶುರುಮಾಡಿದರು. ಇಲ್ಲದ ಊರಿನ ರಾಣಿಗೆ ಇರುವ ದೇಶದಲ್ಲಿ ಏನು ಕೆಲಸ ಎಂದು ಅಭಿಮಾನಿಗಳು ಸಿಟ್ಟಾದರು. ಮರುವರ್ಷ ಪ್ರಾಣಿಗಳಿಗೆಂದೇ ಇರುವ ಆನಿಮಲ್ ಕಿಂಗ್‌ಡಮ್‌ನಲ್ಲಿ 'ಅವತಾರ್' ಸಿನಿಮಾದ ಪಂಡೋರಾ ಎದ್ದು ನಿಂತಿತು. ನಿಜವಾದ ಆನೆ, ಜಿರಾಫೆಗಳ ಪಕ್ಕದಲ್ಲಿ ನೀಲಿ ಮೈಯ ಕಲ್ಪನೆಯ ಜನ ಹೊಂದುತ್ತಾರಾ ಎಂದು ಮತ್ತೆ ಜಗಳ.

"ಅವರೂ ನಮ್ಮಂಥವರೇ ಹಾಗಾದರೆ" ಎಂದು ಭಟ್ರಿಗೆ ಸಮಾಧಾನವಾಯಿತು.

"ನಮ್ಮಂಥವರೇ. ಆದರೆ ದುಡ್ಡು ಕೊಟ್ಟು ಒಳಗೆ ಹೋಗಿ ನೋಡಿ ಆಮೇಲೆ ಜಗಳ ಮಾಡ್ತಾರೆ" ಎಂದರು ಭಾವ. ಬೆಂಚಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗೆ ಅನ್ನಿಸುವುದು ಇಷ್ಟೇ. ನಮ್ಮ ಸೀಮೆಯಲ್ಲಿ ಒಂದು ವಸ್ತು ತನ್ನ ಜಾಗಕ್ಕೆ ಹೊಂದುವುದು ನೋಡಲು ಚೆನ್ನಾಗಿದೆ ಎಂದಲ್ಲ. ಅದು ನಮಗೊಂದು ಕೆಲಸ ಹಚ್ಚುತ್ತದೆ ಎಂದು. ಮುನಿಯಾಲು ದಾಟಿ ಹೋದರೆ ವರಂಗದ ಕೆರೆ ಬಸದಿ ಇದೆ. ಸುತ್ತ ನೀರು, ಹಿಂದೆ ಗುಡ್ಡ, ಹೋಗಬೇಕಾದರೆ ದೋಣಿಯೇ ಗತಿ. ದೋಣಿ ಹತ್ತಿ, ಅಲುಗಾಡಿ, ಪಕ್ಕದವರ ಭುಜ ಹಿಡಿದು ತಲುಪಿದವನು ಬಸದಿ ಇಲ್ಲಿಗೆ ಹೊಂದುತ್ತದೋ ಎಂದು ಕೇಳುವುದಿಲ್ಲ. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭವನ್ನು 1901ರಲ್ಲಿ ಕಟ್ಟಿದ್ದು ಹಡಗುಗಳಿಗಾಗಿ. ಸಂಜೆ ಅಲ್ಲಿಗೆ ಬರುವವರ ಪ್ರೀತಿ ಅದಕ್ಕೆ ಮೇಲುಸಂಬಳ. ಗೊಮ್ಮಟ ಕೂಡ ಹಾಗೆಯೇ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕವೆಂದು ಊರಿಗೆ ಊರೇ ಅಟ್ಟಳಿಗೆ ಕಟ್ಟಿ, ಹಾಲು, ಅರಸಿನ, ಗಂಧ ಹೊತ್ತು ಓಡಾಡುತ್ತದೆ. ಕಳೆದ ಸಲ 2015ರ ಜನವರಿಯಲ್ಲಿ ಆಯಿತು. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಮೇಣದ ಬತ್ತಿ ಹಿಡಿದು ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಯಾರೂ ಸುಮ್ಮನೆ ಕಟ್ಟಡ ನೋಡಲು ಹೋದವರಲ್ಲ.

ನೋಡಿಸಿಕೊಳ್ಳುವುದೇ ಕಸುಬಾದ ವಸ್ತುಗಳಿಗೆ ಕಷ್ಟ ಹೆಚ್ಚು. ಮಲ್ಪೆಯ ಕಡಲಲ್ಲಿ 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಬಂತು. ಉದ್ಘಾಟನೆಯ ಕೆಲವೇ ದಿನಗಳಲ್ಲಿ ಅಲೆಗಳು ಅದನ್ನು ಬಿಚ್ಚಿಹಾಕಿದವು. ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಆ ಕಡಲು ಹೇಗಿರುತ್ತದೆಂದು ಮಲ್ಪೆಯ ಯಾವ ಮೀನುಗಾರನಾದರೂ ಹೇಳುತ್ತಿದ್ದ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಮಾಡಿದ್ದು ಇನ್ನೊಂದು ಬಗೆ. ಕುಕನೂರಿನ ಕಮಲ ಮಹಲು, ಬೀದರಿನ ನವಾಬ ಮಹಲು, ನಮ್ಮ ಮಿಯಾರಿನ ಮನೆ ಎಲ್ಲವನ್ನೂ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಬಿಸಿಲಿಗೆಂದು ಕಟ್ಟಿದ ಬೀದರಿನ ಮಹಲು ಮಣಿಪಾಲದ ಆಟಿ ತಿಂಗಳ ಮಳೆಯಲ್ಲಿ ನಿಂತದ್ದನ್ನು ನೆನೆದರೆ, ಸಂಕೋಚದಿಂದ ಹುಬ್ಬೇರಿಸಿದ ನೆಂಟರ ಮುಖವೇ ಕಣ್ಣಿಗೆ ಬರುತ್ತದೆ. ಹೊಂದುತ್ತದೆಯೇ ಎಂದು ಕೇಳಿದರೆ ಇಲ್ಲ. ಆದರೆ ಅಲ್ಲಿ ಬಂದು ಸೇರದಿದ್ದರೆ ಸೌದೆಯಾಗುತ್ತಿತ್ತು. ಜೀವ ಉಳಿಸಿಕೊಂಡವರ ಹತ್ತಿರ ಔಚಿತ್ಯದ ಪ್ರಶ್ನೆ ಕೇಳುವುದು ಸಭ್ಯತೆಯಲ್ಲ.

ಉಮಿಕಲ್ ಬೆಟ್ಟದ ಪರಶುರಾಮ ನಮಗೆ ಹಚ್ಚಿದ ಕೆಲಸ ಚರ್ಚೆಯೊಂದೇ. ಅದನ್ನು ನಾವು ಶ್ರದ್ಧೆಯಿಂದ ಮಾಡಿದ್ದೇವೆ. ಮೊನ್ನೆ ಬೆಂಚಿನ ಮುಂದೆ ಪರಿಹಾರಗಳು ಬಂದವು. ಕಲ್ಲಿನಲ್ಲಿ ಮತ್ತೆ ಕೆತ್ತಿಸಬೇಕು ಎಂದರು ಶೆಟ್ರು. ಮೂರ್ತಿ ಯಾವಾಗಲಾದರೂ ಬರಲಿ, ಮೊದಲು ಮೇಲೆ ಹೋದವರಿಗೆ ಕುಡಿಯುವ ನೀರು, ನೆರಳು ಇರಲಿ ಎಂದರು ಭಟ್ರು. ಮಾಷ್ಟ್ರು ಚಾ ಗ್ಲಾಸು ಕೆಳಗಿಟ್ಟು ಮೂಲಕ್ಕೇ ಕೈಹಾಕಿದರು. "ನೀವು ಕಥೆಯನ್ನೇ ಮರೆತಿರಿ. ಪರಶುರಾಮ ಗೆದ್ದ ಭೂಮಿಯನ್ನೆಲ್ಲ ಕಶ್ಯಪರಿಗೆ ದಾನ ಕೊಟ್ಟ. ದಾನ ಕೊಟ್ಟ ಜಾಗದಲ್ಲಿ ತಾನಿರಬಾರದು. ಅದಕ್ಕೇ ಸಮುದ್ರದ ಹತ್ತಿರ ಜಾಗ ಕೇಳಿದ್ದು. ನಿಲ್ಲಲಿಕ್ಕೆ ಜಾಗದ ತೊಂದರೆ ಅವನಿಗೆ ಮೊದಲಿಂದಲೂ ಉಂಟು. ನಮ್ಮ ಸರಕಾರ ಬಂದ ಮೇಲೆ ಆದದ್ದಲ್ಲ."

ರಿಕ್ಷಾದ ಹುಡುಗನಿಗೆ ದಾರಿ ಹೊಳೆಯಿತು. "ಹಾಗಾದರೆ ಇನ್ನೊಮ್ಮೆ ಕೊಡಲಿ ಬಿಸಾಡಲಿ ಮಾಷ್ಟ್ರೇ. ಈ ಸಲ ಮಲ್ಪೆಯಿಂದ ಆಚೆಗೆ. ಹೊಸ ನೆಲ, ಆರ್‌ಟಿಸಿ ಯಾರ ಹೆಸರಲ್ಲೂ ಇಲ್ಲ. ಅಲ್ಲಿ ಆರಾಮ ನಿಲ್ಲಬಹುದು."

"ಕಡಲು ಹಿಂದೆ ಹೋದರೆ ಬೋಟಿನವರು ಬಿಡ್ತಾರಾ?" ಎಂದರು ಶೆಟ್ರು. "ಬಂಗುಡೆ ಎಲ್ಲಿಂದ ಬರ್ತದೆ?"

ಇದು ಯೋಚಿಸಬೇಕಾದ ವಿಷಯವಾಗಿತ್ತು. ಭಟ್ರು ಕೇಳದೆಯೇ ಇನ್ನೊಂದು ಸುತ್ತು ಚಾಯಕ್ಕೆ ನೀರಿಟ್ಟರು.