ನೂರು ಮೆಗಾಪಿಕ್ಸೆಲ್, ಒಂದೇ ಪ್ಲಗ್ ಪಾಯಿಂಟ್

ದೇಶದಲ್ಲಿ ಎಲ್ಲಿ ಎಷ್ಟು ಕರೆಂಟು ಹುಟ್ಟಬೇಕು, ಎಲ್ಲಿಗೆ ಹರಿಯಬೇಕು ಎಂದು ಲೆಕ್ಕ ಹಾಕುವ ಕೇಂದ್ರ ವಿದ್ಯುತ್ ಪ್ರಾಧಿಕಾರ ಇರುವುದು ದೆಹಲಿಯ ಆರ್.ಕೆ.ಪುರಂನ ಸೇವಾ ಭವನದಲ್ಲಿ. ಫ್ರಿಜ್ಜಿಗೆ ಎಷ್ಟು ನಕ್ಷತ್ರ, ಎಸಿಗೆ ಎಷ್ಟು ನಕ್ಷತ್ರ ಎಂದು ಜಾತಕ ಬರೆಯುವ ಇಂಧನ ದಕ್ಷತಾ ಬ್ಯೂರೋ ಕೂಡ ಅದೇ ಕಟ್ಟಡದಲ್ಲಿದೆ. ಇಂಥ ಪುಣ್ಯಕ್ಷೇತ್ರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವಾಸವಾಗಿರುವ ನಮ್ಮ ರಾಯರಿಗೆ ಹಗಲಿರುಳೂ ಒಂದೇ ಚಿಂತೆ: ಚಾರ್ಜಿಗೆ ಎಲ್ಲಿ ಹಾಕೋದು?

ರಾಯರು ಯಾರು, ಯಾವ ಸಚಿವಾಲಯ ಎಂದೆಲ್ಲ ಕೇಳಬೇಡಿ. ದೆಹಲಿಯ ಪ್ರತಿ ಕನ್ನಡ ಕಾರ್ಯಕ್ರಮದಲ್ಲೂ ಮುಂದಿನ ಸಾಲಿನವರ ದೃಷ್ಟಿಗೆ ಅಡ್ಡವಾಗಿ ಬಗ್ಗಿ ನಿಂತಿರುವವರೇ ಅವರು. ಯಾರೂ ನೇಮಿಸಿಲ್ಲ, ಯಾರೂ ಬೇಡ ಅಂದಿಲ್ಲ. ಅವರು ಪಿಎಫ್ ದುಡ್ಡು ತೆಗೆದು, ಮಗಳ ಮದುವೆಗೆ ಇನ್ನೂ ಟೈಮಿದೆ ಎಂದು ಮನೆಯಲ್ಲಿ ವಾದ ಮಾಡಿ, ಒಂದು ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ ಕೊಂಡರು. ಈ ಜಾತಿಯ ಕ್ಯಾಮೆರಾ ಎಂದರೇನು ಎಂಬುದಕ್ಕೆ ಫ್ಯೂಜಿಫಿಲ್ಮ್ ಕಂಪನಿ 2021ರಲ್ಲಿ ಬಿಟ್ಟ ಜಿಎಫ್‌ಎಕ್ಸ್ 100ಎಸ್ ಅನ್ನೇ ನೋಡಿ. ಸೆನ್ಸರ್ 43.8 × 32.9 ಮಿಲಿಮೀಟರ್, ಮದುವೆಮನೆಯ ಫೋಟೋಗ್ರಾಫರ್ ಹಿಡಿದಿರುವ ಫುಲ್ ಫ್ರೇಮ್‌ಗಿಂತ ಸುಮಾರು 1.7 ಪಟ್ಟು ದೊಡ್ಡದು. 102 ಮೆಗಾಪಿಕ್ಸೆಲ್. ಕುಗ್ಗಿಸದೆ 16 ಬಿಟ್‌ನಲ್ಲಿ ಉಳಿಸಿದರೆ ಒಂದೊಂದು ಫೋಟೋ 200 ಎಂಬಿ ತೂಗುತ್ತದೆ. ಇಷ್ಟನ್ನು ಸೆನ್ಸರಿನಿಂದ ಎತ್ತಿ, ಸಂಸ್ಕಾರ ಮಾಡಿ, ಕಾರ್ಡಿಗೆ ಬರೆದು, ನಡುನಡುವೆ ಕಣ್ಣಿಗಿಟ್ಟುಕೊಳ್ಳುವ ಪುಟ್ಟ ಪರದೆಯಲ್ಲಿ ತೋರಿಸಲು ಕೊಟ್ಟಿರುವ ಬ್ಯಾಟರಿ ಎಷ್ಟಪ್ಪಾ ಎಂದರೆ 16 ವ್ಯಾಟ್-ಅವರ್. ರಾಯರ ಜೇಬಿನಲ್ಲಿ ಸುಪ್ರಭಾತದ ಮೆಸೇಜು ಕಳಿಸಲೆಂದು ಇರುವ 5000 ಎಂಎಎಚ್ ಮೊಬೈಲಿನ ಬ್ಯಾಟರಿ ಇದಕ್ಕಿಂತ ದೊಡ್ಡದು.

ಒಂದು ಚಾರ್ಜಿಗೆ ಸುಮಾರು 460 ಫೋಟೋ ಎನ್ನುತ್ತದೆ ಕಂಪನಿ. ಇದು ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟ ಗೊತ್ತು ಮಾಡಿದ ಕ್ರಮದ ಅಳತೆ. ಆ ಒಕ್ಕೂಟದವರು ರಾಜ್ಯೋತ್ಸವ ನೋಡಿದವರಲ್ಲ. ನಮ್ಮಲ್ಲಿ ಒಬ್ಬ ಗಣ್ಯರಿಗೆ ಸನ್ಮಾನ ಎಂದರೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪ್ರತಿಯೊಂದಕ್ಕೂ ನಾಲ್ಕು ಕ್ಲಿಕ್, ಯಾಕೆಂದರೆ ಕೊಡುವವರು ಕಣ್ಣು ಬಿಟ್ಟಾಗ ತೆಗೆದುಕೊಳ್ಳುವವರು ಮುಚ್ಚಿರುತ್ತಾರೆ. ತಲೆಗೆ ಇಪ್ಪತ್ತು. ಭಾಗಿಸಿ ನೋಡಿ: 23ನೆಯವರ ಕೈಗೆ ಸ್ಮರಣಿಕೆ ಬೀಳುವಾಗ ಬ್ಯಾಟರಿ ಪ್ರಾಣ ಬಿಡುತ್ತದೆ. ಪಟ್ಟಿಯಲ್ಲಿ ಇನ್ನೂ ಇಪ್ಪತ್ತು ಜನ ಇರುತ್ತಾರೆ. ಅವರೇ ನಿಜವಾಗಿ ಚಂದಾ ಕೊಟ್ಟವರು. ಇದಕ್ಕೂ ಮಿಗಿಲಾದ ಕಂಟಕ ಭಾಷಣ. ಕನ್ನಡಿಯಿಲ್ಲದ ಈ ಕ್ಯಾಮೆರಾಗಳು ಒಂದೂ ಫೋಟೋ ತೆಗೆಯದೆ ಸುಮ್ಮನೆ ಆನ್ ಆಗಿದ್ದರೂ ಸೆನ್ಸರ್ ಮತ್ತು ಪರದೆಯನ್ನು ಎಬ್ಬಿಸಿಟ್ಟು ಕರೆಂಟು ಕುಡಿಯುತ್ತಲೇ ಇರುತ್ತವೆ. ಅಂದರೆ ಅಧ್ಯಕ್ಷೀಯ ಭಾಷಣ ಕೇಳಿ ಸುಸ್ತಾಗುವ ಏಕೈಕ ಯಂತ್ರ ಇದು. ಎರಡು ನಿಮಿಷಕ್ಕೆ ತಾನಾಗಿ ಆಫ್ ಆಗುವಂತೆ ಮೆನುವಿನಲ್ಲಿ ವ್ಯವಸ್ಥೆಯಿದೆ. ಸಭಿಕರಿಗೆ ಆ ಸೌಲಭ್ಯ ಇಲ್ಲ.

ಮನೆಯ ಕಥೆ ಬೇರೆ. ಹಳೇ ಸರ್ಕಾರಿ ಕ್ವಾರ್ಟರ್ಸು ಕಟ್ಟಿದ ಕಾಲಕ್ಕೆ ಒಂದು ಕೋಣೆಗೆ ಒಂದು ಫ್ಯಾನು, ಒಂದು ಬಲ್ಬು, ಒಂದು ಐದು ಆಂಪ್ ಪ್ಲಗ್ಗು ಎಂದರೆ ಧಾರಾಳ. ಆ ಸ್ವಿಚ್‌ಬೋರ್ಡಿನ ಮೇಲೆ ಸುಣ್ಣ ಎಷ್ಟು ಸಲ ಹೊಡೆದಿದ್ದಾರೆಂದರೆ ತೂತುಗಳೇ ಕಿರಿದಾಗಿವೆ. ಚಪ್ಪಟೆ ಕಾಲಿನ ವಿದೇಶಿ ಚಾರ್ಜರ್ ಅಲ್ಲಿ ನಿಲ್ಲುವುದಿಲ್ಲ. ರಾಯರು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತಾರೆ, ಅದು ಚಿಟಿಚಿಟಿ ಅಂದಾಗ ಕೆಳಗೆ ಡಿಕ್ಷನರಿ ಆಸರೆ ಕೊಡುತ್ತಾರೆ. ಅಷ್ಟರಲ್ಲಿ ಅಡಿಗೆಮನೆಯಿಂದ ಧ್ವನಿ: “ರೀ, ಚಟ್ನಿಗೆ ಮಿಕ್ಸಿ ಹಾಕ್ಬೇಕು, ನಿಮ್ಮ ಡಬ್ಬಿ ತೆಗೀರಿ!” ಬ್ಯಾಟರಿ 61 ಪರ್ಸೆಂಟಿಗೆ ನಿಲ್ಲುತ್ತದೆ. ಚಟ್ನಿ ನೂರು ಪರ್ಸೆಂಟ್ ಆಗುತ್ತದೆ.

ಮೇ ತಿಂಗಳಲ್ಲಿ ಇನ್ನೂ ಕಷ್ಟ. 40 ಡಿಗ್ರಿ ಸೆಲ್ಸಿಯಸ್ ದಾಟಿದ ಜಾಗದಲ್ಲಿ ಚಾರ್ಜ್ ಮಾಡಬೇಡಿ ಎನ್ನುತ್ತವೆ ಲಿಥಿಯಂ ಬ್ಯಾಟರಿಗಳ ಕೈಪಿಡಿಗಳು. ಸೆಲ್ ಒಳಗಿನಿಂದ ಹಾಳಾಗುತ್ತದೆ, ಉಬ್ಬಲೂಬಹುದು. ದೆಹಲಿಯಲ್ಲಿ ಆ ಕಾಲಕ್ಕೆ 40 ಎಂದರೆ ತಂಪು ಹವೆ. ಹಾಗಾಗಿ ಬ್ಯಾಟರಿಗೆ ಎಸಿ ಕೋಣೆ, ಊರಿಂದ ಬಂದ ಅತ್ತೆಯವರಿಗೆ ಕೂಲರ್. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿ ದಾಖಲೆಯಾಯಿತಲ್ಲ, ಅದರಲ್ಲಿ ರಾಯರ ಚಾರ್ಜರಿನ ಪಾಲು ಕಣ್ಣಿಗೆ ಕಾಣದಷ್ಟು. ಆ ಚಾರ್ಜರಿಗಾಗಿ ಓಡಿದ ಎಸಿಯ ಪಾಲು ಮಾತ್ರ ಮೀಟರಿನಲ್ಲಿ ಕಾಣುತ್ತದೆ. ದೆಹಲಿ ಸರ್ಕಾರ 2019ರಿಂದ ಕೊಡುತ್ತಿರುವ ತಿಂಗಳಿಗೆ 200 ಯೂನಿಟ್ ಪುಕ್ಕಟೆ ಕರೆಂಟಿನಲ್ಲಿ ಆ ಬ್ಯಾಟರಿಯನ್ನು ಹತ್ತು ಸಾವಿರ ಸಲ ತುಂಬಬಹುದು. ಬ್ಯಾಟರಿಯ ಆಯಸ್ಸು ಅದರ ಹತ್ತನೇ ಒಂದು ಪಾಲೂ ಇಲ್ಲ ಎಂಬುದು ಬೇರೆ ಮಾತು.

ನಂತರ ಶುರುವಾಯಿತು ಪರಿಕರಗಳ ಪರ್ವ. ಚಾಂದನಿ ಚೌಕದ ಕೂಚಾ ಚೌಧರಿಯ ಕ್ಯಾಮೆರಾ ಅಂಗಡಿಗಳಿಗೆ ಒಂದು ಶನಿವಾರ, ನೆಹರೂ ಪ್ಲೇಸಿಗೆ ಇನ್ನೊಂದು ಶನಿವಾರ. ಎರಡು ಬ್ಯಾಟರಿ ಒಟ್ಟಿಗೆ ಕೂರುವ ಜೋಡಿ ಚಾರ್ಜರ್, 65 ವ್ಯಾಟಿನ ಪಿಡಿ (ಪವರ್ ಡೆಲಿವರಿ) ಅಡಾಪ್ಟರ್, 20,000 ಎಂಎಎಚ್ ಪವರ್ ಬ್ಯಾಂಕ್, ನೇರ ಗೋಡೆಯಿಂದ ಕರೆಂಟು ಕುಡಿಸುವ ಡಮ್ಮಿ ಬ್ಯಾಟರಿ, ಲ್ಯಾಪ್‌ಟಾಪಿಗೆ ಕಟ್ಟುವ ಕೇಸರಿ ಬಣ್ಣದ ಉದ್ದನೆಯ ಕೇಬಲ್. ನಿಜವಾಗಿ ಉಪಯೋಗಕ್ಕೆ ಬರುವುದು ಮೂರೇ: ಇನ್ನೊಂದು ಅಸಲಿ ಬ್ಯಾಟರಿ, ಆ ಪವರ್ ಬ್ಯಾಂಕು, ಒಂದು ಒಳ್ಳೆಯ ಸಿ-ಟು-ಸಿ ಕೇಬಲ್. ಪವರ್ ಬ್ಯಾಂಕಿನಲ್ಲಿ 74 ವ್ಯಾಟ್-ಅವರ್ ಇರುತ್ತದೆ. ದಾರಿಯಲ್ಲಿ ಸೋರುವುದನ್ನು ಕಳೆದರೂ ಕ್ಯಾಮೆರಾ ಬ್ಯಾಟರಿ ಮೂರು ಸಲ ತುಂಬುತ್ತದೆ. 100ರ ಒಳಗಿರುವುದರಿಂದ ವಿಮಾನದಲ್ಲೂ ಒಯ್ಯಬಹುದು, ಕೈಚೀಲದಲ್ಲಿ ಮಾತ್ರ. ರಾಯರು ಬೆಂಗಳೂರಿಗೆ ಹೊರಟಾಗ ಬಿಡಿ ಬ್ಯಾಟರಿಗಳನ್ನು ಮೈಸೂರ್ ಪಾಕಿಗಾಗಿ ಖಾಲಿ ಒಯ್ಯುತ್ತಿದ್ದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಸೂಟ್‌ಕೇಸಿಗೆ ತುರುಕಿ, ಏರ್‌ಪೋರ್ಟಿನಲ್ಲಿ ಹೆಸರು ಕೂಗಿಸಿಕೊಂಡರು. ಅವರ ಹೆಸರನ್ನು ಮೈಕಿನಲ್ಲಿ ಕರೆದದ್ದು ಅದೊಂದೇ ಸಲ.

ಚಾರ್ಜರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ದೆಹಲಿಯ ಇಡೀ ಆಡಳಿತಶಾಸ್ತ್ರ ಅಡಗಿದೆ. ಮೊಬೈಲ್ ಜೊತೆ ಬಂದ ಚಾರ್ಜರಿನ ಮೇಲೆ 80 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅಷ್ಟನ್ನು ಅದು ಕೊಡುವುದು ತನ್ನ ಕುಲದ ಫೋನಿಗೆ ಮಾತ್ರ. ಪರಕೀಯ ಕ್ಯಾಮೆರಾ ಚುಚ್ಚಿದರೆ ಹತ್ತು ವ್ಯಾಟು ಬಿಚ್ಚಿದರೆ ಹೆಚ್ಚು. ಥೇಟ್ ನಮ್ಮೂರಿನವರಾ ಎಂದು ಮೊದಲು ವಿಚಾರಿಸಿ ಆಮೇಲೆ ಫೈಲು ಮುಟ್ಟುವ ಸೆಕ್ಷನ್ ಆಫೀಸರು. ಪಿಡಿ ಪದ್ಧತಿಯಲ್ಲಿ ಹಾಗಿಲ್ಲ. ಚಾರ್ಜರು ಮತ್ತು ಕ್ಯಾಮೆರಾ ಕೇಬಲ್ಲಿನ ಒಳಗೇ ಮಾತಾಡಿಕೊಂಡು 5 ವೋಲ್ಟೋ 9ವೋ 15ವೋ ಎಂದು ಒಪ್ಪಂದಕ್ಕೆ ಬರುತ್ತವೆ. ಈ ಮಾತುಕತೆಗೆ ಎರಡೂ ತುದಿಗೆ ಟೈಪ್-ಸಿ ಇರುವ ಕೇಬಲ್ಲೇ ಬೇಕು. ಒಂದು ತುದಿ ಹಳೇ ಆಯತಾಕಾರದ ಯುಎಸ್‌ಬಿ ಆಗಿದ್ದರೆ ಮಾತುಕತೆ ಮುರಿದುಬಿತ್ತು, ರಾತ್ರಿಯಿಡೀ ತೊಟ್ಟಿಕ್ಕಿದಂತೆ ಚಾರ್ಜು. ರಾಯರ ಬ್ಯಾಗಿನಲ್ಲಿ ಕೇಬಲ್ಲುಗಳು ಹಾವಿನ ಹುತ್ತದ ಹಾಗಿವೆ. ಸರಿಯಾದದ್ದು ಯಾವಾಗಲೂ ಮನೆಯಲ್ಲಿರುತ್ತದೆ.

ಕಳೆದ ನವೆಂಬರಿನಲ್ಲಿ ಒಂದು ಸೆಕ್ಟರಿನ ಪಾರ್ಕಿನಲ್ಲಿ ಶಾಮಿಯಾನ ಹಾಕಿ ಬಡಾವಣೆಯ ಕನ್ನಡಿಗರು ರಾಜ್ಯೋತ್ಸವ ಮಾಡಿದರು. ಗಾಳಿ ಕೆಟ್ಟಿದೆಯೆಂದು ಡೀಸೆಲ್ ಜನರೇಟರಿಗೆ ಕಡಿವಾಣ ಬೀಳುವ ಕಾಲ ಅದು. ಇದ್ದದ್ದು ಕಂಬದಿಂದ ಎಳೆದ ಒಂದು ತಾತ್ಕಾಲಿಕ ಲೈನು, ಅದರ ತುದಿಗೆ ಮರದ ಹಲಗೆಗೆ ಬಡಿದ ಬೋರ್ಡು. ಒಂದು ಪಾಯಿಂಟಿನಲ್ಲಿ ಮೈಕು, ಒಂದರಲ್ಲಿ ಭುವನೇಶ್ವರಿ ಚಿತ್ರದ ಸೀರಿಯಲ್ ಸೆಟ್ಟು, ಒಂದರಲ್ಲಿ ಕಾಫಿ ಮೆಷಿನ್. 19ನೇ ಸನ್ಮಾನಕ್ಕೇ ಕ್ಯಾಮೆರಾದಲ್ಲಿ ಕೆಂಪು ಗೆರೆ ಬಂತು, ಸ್ವಾಗತ ಭಾಷಣ ಅಷ್ಟು ದೀರ್ಘವಾಗಿತ್ತು. ರಾಯರು ಓಡಿಹೋಗಿ ಸೀರಿಯಲ್ ಸೆಟ್ಟಿನ ಪಿನ್ನಿಗೆ ಕೈ ಹಾಕಿದರೆ ಟೆಂಟಿನ ಹುಡುಗ ತಡೆದ: “ಸಾಬ್, ಮಾತಾಜೀ ಕೀ ಲೈಟ್ ಹೈ.” ಕಾಫಿಯದ್ದು ತೆಗೆಯಲು ಹೋದಾಗ ಸಭಿಕರೇ ಎದ್ದು ನಿಂತರು. ಕೊನೆಗೆ ಧೈರ್ಯ ಮಾಡಿ ಮೈಕಿನ ಪಿನ್ನು ಕಿತ್ತರು. ಆ ಸಂಜೆ ಚಪ್ಪಾಳೆ ಬಿದ್ದದ್ದು ಆಗಲೇ.

ಚಾರ್ಜಿನ ಚಿಂತೆಯಿಲ್ಲದ ಕಾಲವೂ ಇತ್ತು. ಫೋಟೋಗ್ರಾಫರ್ ಹೋಮಾಯಿ ವ್ಯಾರಾವಾಲಾ ಇದೇ ದೆಹಲಿಯಲ್ಲಿ 1942ರಿಂದ ಸೀರೆಯುಟ್ಟು ಸೈಕಲ್ ಮೇಲೆ ಓಡಾಡಿ, ಕೆಂಪುಕೋಟೆಯ ಮೇಲೆ ಸ್ವತಂತ್ರ ಭಾರತದ ಬಾವುಟ ಮೊದಲ ಸಲ ಏರಿದ್ದನ್ನು ತೆಗೆದರು. ಅವರ ಬಳಿ ಇದ್ದ ರೋಲಿಫ್ಲೆಕ್ಸ್ ಕೂಡ ಮೀಡಿಯಂ ಫಾರ್ಮ್ಯಾಟೇ. ರೋಲಿಗೆ ಹನ್ನೆರಡೇ ಫೋಟೋ. ಶಟರ್ ನಡೆಯುವುದು ಸ್ಪ್ರಿಂಗಿನ ಬಲದಿಂದ. 1969ರಲ್ಲಿ ಚಂದ್ರನ ಮೇಲೆ ಇಳಿದ ಹ್ಯಾಸೆಲ್‌ಬ್ಲಾಡ್‌ಗೆ ಮೋಟಾರಿತ್ತು, ಬ್ಯಾಟರಿಯೂ ಇತ್ತು. ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಫಿಲ್ಮ್ ಮಾತ್ರ ತಂದರು. ಇದನ್ನು ರಾಯರಿಗೆ ಹೇಳಿದೆ. “ಅಲ್ಲಿ ಸನ್ಮಾನ ಇರಲಿಲ್ಲ ಬಿಡಿ,” ಅಂದರು.

ಆ 200 ಎಂಬಿಯ ಚಿತ್ರಗಳು ಎಲ್ಲಿಗೆ ಹೋದವು ಎಂಬುದನ್ನೂ ಹೇಳಿಬಿಡಬೇಕು. ರಾಯರು ರಾತ್ರಿ ಕೂತು ಬಣ್ಣ ತಿದ್ದಿ, ನಲವತ್ತು ಜನರಿರುವ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಅದು ಉದ್ದಕ್ಕೆ ಸುಮಾರು 1600 ಪಿಕ್ಸೆಲ್ಲಿಗೆ ಇಳಿಸುತ್ತದೆ. 102ರಲ್ಲಿ ನೂರು ಮೆಗಾಪಿಕ್ಸೆಲ್ ಅಲ್ಲಿಗೆ ಕೈಲಾಸವಾಸಿ. ಅಧ್ಯಕ್ಷರು ಒಂದು ಹೆಬ್ಬೆರಳು ಎತ್ತಿದರು. ಕಾರ್ಯದರ್ಶಿ “ಇನ್ನೂ ಸ್ವಲ್ಪ ಕ್ಲಿಯರ್ ಇದ್ದರೆ ಕಳಿಸಿ” ಎಂದು ಬರೆದರು.

ಬಡಾವಣೆಯ ಕನ್ನಡಿಗರ ಮೊನ್ನೆಯ ಸಭೆಯಲ್ಲಿ ಮೈಕು ಕಿತ್ತ ಪ್ರಕರಣ ಚರ್ಚೆಗೆ ಬಂತು. ಎಕ್ಸ್‌ಟೆನ್ಷನ್ ಬೋರ್ಡೊಂದು ತಂದರೆ ಮುಗಿಯುತ್ತಿತ್ತು. ಆದರೆ ಬೋರ್ಡಿನ ಖರ್ಚು ಯಾವ ಖಾತೆಗೆ ಎಂಬುದು ಇತ್ಯರ್ಥವಾಗದೆ, ಒಬ್ಬ ಸಂಚಾಲಕರು, ಇಬ್ಬರು ಸಹಸಂಚಾಲಕರು, ನಾಲ್ವರು ಸಲಹೆಗಾರರ ವಿದ್ಯುತ್ ಸಂಪರ್ಕ ಮತ್ತು ಛಾಯಾಗ್ರಹಣ ಉಪಸಮಿತಿ ರಚನೆಯಾಯಿತು. ನಿಸ್ವಾರ್ಥ ಸೇವೆಗಾಗಿ ಏಳೂ ಜನರನ್ನು ಬರುವ ರಾಜ್ಯೋತ್ಸವದಲ್ಲಿ ಸನ್ಮಾನಿಸಬೇಕೆಂದು ಅದೇ ಸಭೆಯಲ್ಲಿ ಸರ್ವಾನುಮತದ ತೀರ್ಮಾನವೂ ಆಯಿತು. ತಲೆಗೆ ಇಪ್ಪತ್ತರಂತೆ ಇನ್ನೂ 140 ಕ್ಲಿಕ್. ರಾಯರು ಮೂರನೇ ಬ್ಯಾಟರಿಗೆ ಆರ್ಡರ್ ಹಾಕಿದ್ದಾರೆ.