ದಫ್ತರದ ಸಾಕ್ಷ್ಯ

ಪೃಚ್ಛಕ: ಸ್ವಾಮಿ, 2019ರ ಆಗಸ್ಟ್ 10ರ ಬೆಳಗಾಗುವುದರೊಳಗೆ ವಿಚಾರಣಾಧೀನ ಬಂದಿ ಜೆಫ್ರಿ ಎಪ್‌ಸ್ಟೀನನು ನ್ಯೂಯಾರ್ಕಿನ ಫೆಡರಲ್ ಕಾರಾಗೃಹದಲ್ಲಿ ಅಸುನೀಗಿದ ಆ ರಾತ್ರಿ, ಅರ್ಧ ಗಂಟೆಗೊಮ್ಮೆ ಅವನನ್ನು ನೋಡಿಬರಬೇಕಾಗಿದ್ದ ಕಾವಲುಗಾರರು ಏಗೆಯ್ಯುತ್ತಿದ್ದರು?

ದಫ್ತರದಾರ: ನೋಡಿಬಂದೆವೆಂದು ಬರೆದು ಸಹಿಹಾಕಿದ್ದಾರಲ್ಲ! ಅವರ ಮೇಲಿನ ಆರೋಪಪತ್ರದ ಪ್ರಕಾರ, ಬಹುಹೊತ್ತು ಮೇಜಿನ ಬಳಿಯೇ ಇದ್ದು, ಅಂತರ್ಜಾಲದಲ್ಲಿ ಪೀಠೋಪಕರಣಗಳನ್ನೂ ಮೋಟಾರ್ ಸೈಕಲುಗಳನ್ನೂ ಅವಲೋಕಿಸುತ್ತ, ನಡುವೆ ಕಿಂಚಿತ್ ಯೋಗನಿದ್ರೆಗೂ ಸಂದು, ಕುಳಿತಲ್ಲಿಂದಲೇ ಪ್ರದಕ್ಷಿಣೆ ಬರುವ ಸಿದ್ಧಿ ಸಾಮಾನ್ಯರಿಗುಂಟೆ?

ಪೃಚ್ಛಕ: ಸಹಬಂದಿಯೋ?

ದಫ್ತರದಾರ: ಹಿಂದಿನ ದಿನವೇ ಸ್ಥಳಾಂತರಗೊಂಡ. ಇನ್ನೊಬ್ಬನು ಜೊತೆಗಿರಲೇಬೇಕೆಂಬ ಸೂಚನೆ ಮಾತ್ರ ಕಡತದಲ್ಲಿ ಸುಖವಾಗಿದೆ.

ಪೃಚ್ಛಕ: ಕ್ಯಾಮೆರಾಗಳು?

ದಫ್ತರದಾರ: ನೋಡುತ್ತಿದ್ದವು, ಬಹುತೇಕ ಯಾವುವೂ ಮುದ್ರಿಸಿಕೊಳ್ಳಲಿಲ್ಲ. ನಿಷ್ಕಾಮಕರ್ಮ!

(ಇದನ್ನು ಆತನು ನಗದೆಯೇ ನುಡಿದನೆಂಬುದು ಉಲ್ಲೇಖಾರ್ಹ.)

ಪೃಚ್ಛಕ: ಹಾಗಾದರೆ ಸಂಚೇ ಸರಿ!

ದಫ್ತರದಾರ: ಆತ್ಮಹತ್ಯೆಯೆಂದು ವೈದ್ಯಾಧಿಕಾರಿ ನಿರ್ಣಯಿಸಿದರು, 2023ರ ಇಲಾಖಾ ತನಿಖೆ ಕಂಡದ್ದು ಬರಿಯ ಕರ್ತವ್ಯಲೋಪ. ಆಲಸ್ಯವೇ ಇಷ್ಟು ಸಮರ್ಥವಾಗಿರುವಲ್ಲಿ ಸಂಚಿಗೆ ಉದ್ಯೋಗವೆಲ್ಲಿ ಸ್ವಾಮಿ?

ಪೃಚ್ಛಕ: ಆ ಕಾರಾಗೃಹವನ್ನಾದರೂ ನೋಡಬಹುದೆ?

ದಫ್ತರದಾರ: 2021ರಲ್ಲಿ ಮುಚ್ಚಿದರು. ಅರ್ಜಿ ಬರೆದುಕೊಡಿ, ಸಹಿ ಹಾಕುತ್ತೇನೆ.