ಪರಿಸರರಾಯರು

ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸಿನ ಕನ್ನಡಿಗರ ಮನೆಗಳಲ್ಲಿ ಒಂದಾದರೂ ಪರಿಸರರಾಯರದಾಗಿರುತ್ತದೆ. ನಿಜವಾದ ಹೆಸರು ಏನೇ ಇರಲಿ, ಕಂಡ ತಕ್ಷಣ ಗುರುತು ಸಿಗುತ್ತದೆ. ಸೂರಿನ ಮೇಲೆ ಸೋಲಾರ್, ಬಾಗಿಲಲ್ಲಿ ಚಾರ್ಜಿಗೆ ಕಟ್ಟಿಹಾಕಿದ ಕಾರು, ಮೈಮೇಲೆ ಹಿಂದಿನ ಕಂಪನಿ ಪುಕ್ಕಟೆ ಕೊಟ್ಟ, ಕತ್ತು ಜೋತುಬಿದ್ದ ಟೀಶರ್ಟು. ಒಂದು ಕಾಲಕ್ಕೆ ಏಪ್ರಿಕಾಟ್ ತೋಟಗಳಿದ್ದ ಊರು ಇದು. ಈಗ ನಗರಸಭೆಯ ಪಕ್ಕದಲ್ಲಿ ನೆನಪಿಗೊಂದು ತೋಟ ಉಳಿದಿದೆ. ಮಿಕ್ಕಂತೆ ಲಕ್ಷಾಂತರ ಡಾಲರಿನ ಮನೆಗಳು. ಅಂಥದೊಂದು ಮನೆಯ ಯಜಮಾನರು ಅಂಗಡಿಯಲ್ಲಿ ಕೆಲವೇ ಸೆಂಟಿನ ಕಾಗದದ ಚೀಲ ಬೇಡವೆಂದು, ಆರು ಟೊಮೇಟೊ, ಒಂದು ಹೂಕೋಸನ್ನು ಎದೆಗವಚಿಕೊಂಡು ಕಾರಿನವರೆಗೆ ನಡೆಯುತ್ತಾರೆ. "ಕಾಸಿನ ಮಾತಲ್ಲ ಕಣ್ರೀ, ಭೂಮಿಯ ಮಾತು!"

ತಿಪಟೂರಿನ ಕಡೆ ಬೆಳೆದ ರಾಯರಿಗೆ ಇದು ಹೊಸದೇನಲ್ಲ. ಹುಡುಗನಾಗಿದ್ದಾಗ ಹಾಲಿನ ಕವರು ತೊಳೆದು, ಗೋಡೆಗಂಟಿಸಿ ಒಣಗಿಸಿ, ಹಳೇ ಪೇಪರಿನವನಿಗೆ ಮಾರಿದ ಕೈ ಅದು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಈ ವಿದ್ಯೆಯನ್ನೆಲ್ಲ ಮುಚ್ಚಿಟ್ಟುಕೊಂಡಿದ್ದರು. ಆಗ ಅದನ್ನು ಜುಗ್ಗತನ ಅನ್ನುತ್ತಿದ್ದರಲ್ಲ! 2015ರ ಬರಗಾಲದಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕ್ಯಾಲಿಫೋರ್ನಿಯಾದ ಊರುಗಳು ನೀರಿನ ಬಳಕೆಯನ್ನು ಶೇ. 25ರಷ್ಟು ಇಳಿಸಬೇಕೆಂದು ಆಜ್ಞೆ ಮಾಡಿದರು ನೋಡಿ, ರಾಯರ ದೆಸೆ ತಿರುಗಿತು. ಹುಲ್ಲುಹಾಸು ಹೋಯಿತು, ಬಕೆಟ್ಟು ಚೊಂಬು ಬಂತು. ಇಲ್ಲಿಯ ನಿಯಮದಂತೆ ಹೊಸ ಷವರು ನಿಮಿಷಕ್ಕೆ ಸುಮಾರು ಏಳು ಲೀಟರಿಗಿಂತ ಹೆಚ್ಚು ಸುರಿಸುವಂತಿಲ್ಲ. ಮಗಳು ಹತ್ತು ನಿಮಿಷ ಒಳಗಿದ್ದರೆ ರಾಯರು ಬಚ್ಚಲ ಬಾಗಿಲಾಚೆ ನಿಂತು "ಐವತ್ತಾರು... ಅರವತ್ಮೂರು..." ಎಂದು ಲೀಟರು ಎಣಿಸುತ್ತಾರೆ. ಬಿಸಿನೀರು ಬರುವ ತನಕ ಹರಿಯುವ ತಣ್ಣೀರನ್ನು ಹಿಡಿದಿಟ್ಟು ಕರಿಬೇವಿನ ಕುಂಡಕ್ಕೆ ಹೊಯ್ಯುತ್ತಾರೆ. ಜುಗ್ಗತನದಿಂದ ಉಳಿದ ನೀರೂ ನೀರೇ ತಾನೆ. ಇಷ್ಟರ ಮಟ್ಟಿಗೆ ನಾನು ಅವರ ಪಕ್ಷ.

ಅಡುಗೆಮನೆಯ ವಿಷಯ ಬೇರೆ. ಅಲ್ಲಿ ಸಂಕಲ್ಪ ರಾಯರದು, ಪೂಜೆಯೆಲ್ಲ ಮನೆಯಾಕೆಯದು. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕರೆಂಟು ದುಬಾರಿ. ಹೊತ್ತು ಇಳಿದಂತೆ ಸೋಲಾರೂ ಮಲಗುತ್ತದೆ.

"ರೀ, ದೋಸೆಗೆ ರುಬ್ಬಿಬಿಡಲಾ?"

"ಒಂಬತ್ತಾಗಲಿ ಕಣೇ."

ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಗ್ರೈಂಡರು ಗುರ್ರೆನ್ನುತ್ತದೆ. ಅದು ನುಂಗುವುದು ಎರಡು ಮೂರು ಹಳೇ ಬುರುಡೆ ಬಲ್ಬಿನಷ್ಟು ಕರೆಂಟು. ಪಾಪ, ಆಕೆ ಹಿಟ್ಟು ತೋಡಿ, ಕಲ್ಲು ತೊಳೆದು ಮಲಗುವಾಗ ಹತ್ತೂವರೆ. ರಾಯರು ಆಗಲೇ ನಿದ್ದೆಯಲ್ಲಿರುತ್ತಾರೆ, ಭೂಮಿಯನ್ನು ಉಳಿಸಿದ ಆಯಾಸ.

ಆಮೇಲೆ ಗ್ಯಾಸ್ ಒಲೆ ತೆಗೆಸಿ ಇಂಡಕ್ಷನ್ ಹಾಕಿಸಿದರು. ಬೆಂಗಳೂರಿನಿಂದ ಹೊತ್ತು ತಂದ ಅಲ್ಯೂಮಿನಿಯಂ ಕುಕ್ಕರು ಅದರ ಮೇಲೆ ಕಲ್ಲಿನ ಹಾಗೆ ಕೂತಿತು; ಅಯಸ್ಕಾಂತ ಅಂಟದ ಪಾತ್ರೆ ಅಲ್ಲಿ ಬಿಸಿಯಾಗದು. ಬದನೆಕಾಯಿ ಸುಡಲು ಉರಿಯೂ ಇಲ್ಲ. ಅಂದಿನಿಂದ ಊರಿಗೆ ಹೋದಾಗ ರಾಯರ ಜೇಬಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಗೋಲ್ಡನ್ ಗೇಟ್ ಸೇತುವೆಯ ಬಿಲ್ಲೆ. ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ಪ್ರತಿ ಬಾಣಲೆಯ ತಳಕ್ಕೂ ಅದನ್ನಿಟ್ಟು ನೋಡುತ್ತಾರೆ. ಅಂಗಡಿಯವನು ಇವರ ಮುಖ, ಸೇತುವೆಯ ಮುಖ ಎರಡನ್ನೂ ನೋಡುತ್ತಾನೆ.

ಆರು ತಿಂಗಳಿಗೆ ಬಂದಿದ್ದ ತಾಯಿ ಹಿತ್ತಲಲ್ಲಿ ಹಗ್ಗ ಕಟ್ಟಿ ಸೀರೆ ಹರವಿದಾಗ ರಾಯರು ಹಿಗ್ಗಿಹೋದರು. "ಅಮ್ಮಾ, ಬಾಡಿಗೆಯವರೂ ಹೀಗೆ ಬಿಸಿಲಲ್ಲಿ ಒಣಗಿಸಬಹುದು ಅಂತ ಈ ರಾಜ್ಯದಲ್ಲಿ 2015ರಲ್ಲಿ ಕಾನೂನೇ ಮಾಡಿದ್ದಾರೆ!"

"ಬಟ್ಟೆ ಒಣಹಾಕೋಕೆ ಕಾನೂನೇನೋ? ಮಡಚೋಕೂ ಒಂದು ಮಾಡಿದ್ದರೆ ನೀನು ಸ್ವಲ್ಪ ಮಡಚು."

2022ರಿಂದ ಅಡುಗೆ ಕಸವನ್ನು ಬೇರೆ ಮಾಡುವುದು ಇಡೀ ರಾಜ್ಯಕ್ಕೆ ಕಡ್ಡಾಯ. ರಾಯರೋ ಅದಕ್ಕೂ ಮೊದಲಿನಿಂದ ಗೊಬ್ಬರ ಮಾಡುವವರು. ಮುಚ್ಚಳ ತೆಗೆದು ಅತಿಥಿಗಳಿಗೆ ಮೂಸಲು ಕೊಡುತ್ತಾರೆ, ಅದೂ ಊಟಕ್ಕೆ ಮುಂಚೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಮನೆಯಿಂದಲೇ ಸ್ಟೀಲ್ ತಟ್ಟೆ ಲೋಟ ತರುತ್ತಾರೆ. ಕಾಗದದ ತಟ್ಟೆ ಹಿಡಿದವರ ಸಾಲಿನ ಉದ್ದಕ್ಕೂ ಅದನ್ನು ಒಮ್ಮೆ ಠಣ್ ಅನ್ನಿಸಿಕೊಂಡೇ ನಡೆಯುತ್ತಾರೆ. ಆದರೆ ಅವರ ಮುಂದೆ ವಿಮಾನದ ಸುದ್ದಿ ಮಾತ್ರ ಎತ್ತಬಾರದು. ವರ್ಷ ವರ್ಷ ಡಿಸೆಂಬರಿನಲ್ಲಿ ನಾಲ್ಕು ಜನ, ಎಂಟು ಪೆಟ್ಟಿಗೆ, ಬೆಂಗಳೂರು. ಕೇಳಿದರೆ ಕಾಫಿ ಚರಟ ಕರಿಬೇವಿಗೆ ಎಷ್ಟು ಒಳ್ಳೆಯದೆಂದು ಶುರುಮಾಡುತ್ತಾರೆ. ಆ ಒಂದು ಪ್ರಯಾಣದ ಹೊಗೆಯ ಮುಂದೆ ವರ್ಷವಿಡೀ ತೊಳೆದು ಒಣಗಿಸಿದ ಜಿಪ್‌ಲಾಕ್ ಚೀಲಗಳು ಲೆಕ್ಕಕ್ಕೇ ಬಾರವು. ಅದು ಅವರಿಗೂ ಗೊತ್ತು. ಆದರೆ ತಾಯಿಯನ್ನು ನೋಡಲು ಬಕೆಟ್ಟಿನಲ್ಲಿ ಹೋಗಲಾಗುತ್ತದೆಯೇ?

ಅವರ ಮನೆಗೆ ಊಟಕ್ಕೆ ಕರೆದರೆ ಖಂಡಿತ ಹೋಗಿ, ಹುಳಿ ಚೆನ್ನಾಗಿರುತ್ತದೆ. ಮಿಕ್ಕದ್ದನ್ನು ಮೊಸರಿನ ಖಾಲಿ ಡಬ್ಬದಲ್ಲಿ ತುಂಬಿ ಕೊಡುತ್ತಾರೆ. ಡಬ್ಬ ತೊಳೆದು ವಾಪಸು ಮುಟ್ಟಿಸಿ, ಮುಚ್ಚಳದ ಸಮೇತ. ರಾಯರು ಲೆಕ್ಕ ಇಟ್ಟಿರುತ್ತಾರೆ.